24 ತೋರಿಸಿದರೆ ಸಾಲದು: ಲಾರಿ ಬ್ಯಾಟರಿ ನೋಡುವ, ಬದಲಿಸುವ ಬಗೆ

ಹಿರಿಯೂರಿನ ಬೈಪಾಸ್ ಪಕ್ಕದಲ್ಲಿ ಲಾರಿಗಳ ವೈರಿಂಗ್, ಸೆಲ್ಫ್ (ಇಂಜಿನ್ ಚಾಲೂ ಮಾಡುವ ಮೋಟಾರು), ಡೈನಮೋ (ಓಡುವಾಗ ಬ್ಯಾಟರಿ ಚಾರ್ಜ್ ಮಾಡುವುದು) ಕೆಲಸ ಮಾಡಿಕೊಂಡು ನನಗೆ ಇಪ್ಪತ್ತೆರಡು ವರ್ಷವಾಯಿತು. ಬೆಂಗಳೂರು–ಪುಣೆ ಹೆದ್ದಾರಿ ಇಲ್ಲೇ ಹಾಯುತ್ತದೆ, ಬಳ್ಳಾರಿ, ಚಳ್ಳಕೆರೆ ಕಡೆಯ ರಸ್ತೆ ಇಲ್ಲೇ ಬಂದು ಕೂಡುತ್ತದೆ. ಹಾಗಾಗಿ ರಾತ್ರಿ ಇಲ್ಲಿ ನಿಲ್ಲಿಸಿ ಮಲಗುವ ಲಾರಿಗಳು ಜಾಸ್ತಿ, ಬೆಳಗ್ಗೆ ಏಳದ ಲಾರಿಗಳೂ ಜಾಸ್ತಿ.

ಹೋದ ಸೀಸನ್ನಿನಲ್ಲಿ ಒಂದು ಬೆಳಗ್ಗೆ ಐದೂವರೆಗೆ ಡ್ರೈವರ್ ಒಬ್ಬ ಬಂದು ಶಟರ್ ಬಡಿದ. ಹತ್ತು ಚಕ್ರದ ಲಾರಿ, ಯಶವಂತಪುರದ ಮಂಡಿಗೆ ಹೋಗಬೇಕಿದ್ದ ಈರುಳ್ಳಿ ಲೋಡು. "ಅಣ್ಣಾ, ಸೆಲ್ಫ್ ಹೊಡೆದರೆ ಟಕ್ ಅಂತದೆ, ಅಷ್ಟೆ. ಸಾಹುಕಾರ್ರು ಹೊಸ ಬ್ಯಾಟರಿ ಹಾಕಿಸು ಅಂದವ್ರೆ" ಅಂದ. ಮೀಟರ್ ಹಿಡಿದೆ. ಎರಡೂ ಬ್ಯಾಟರಿ ಸೇರಿ 24.3 ವೋಲ್ಟು. "ಇಪ್ಪತ್ನಾಲ್ಕು ಐತಲ್ಲಣ್ಣ, ಹಂಗಾದ್ರೆ ಸೆಲ್ಫೇ ಹೋಗಿರಬೇಕು" ಅಂದ. ಆಮೇಲೆ ಒಂದೊಂದೇ ಬ್ಯಾಟರಿಗೆ ಮೀಟರ್ ಹಿಡಿದೆ. ಒಂದರಲ್ಲಿ 12.7. ಇನ್ನೊಂದರಲ್ಲಿ 11.6. ಒಂದು ತುಂಬಿದೆ, ಇನ್ನೊಂದು ಖಾಲಿ. ಎರಡನ್ನೂ ಕೂಡಿಸಿ ನೋಡಿದರೆ ಅದು ಕಾಣುವುದೇ ಇಲ್ಲ.

ನಮ್ಮ ದೇಶದ ದೊಡ್ಡ ಲಾರಿಗಳದ್ದು 24 ವೋಲ್ಟಿನ ವೈರಿಂಗ್. 12 ವೋಲ್ಟಿನ ಎರಡು ಬ್ಯಾಟರಿಯನ್ನು ಸೀರೀಸ್‌ನಲ್ಲಿ ಜೋಡಿಸಿರುತ್ತಾರೆ. ಒಂದರ ಮೈನಸ್ ಚಾಸಿಗೆ ಹೋಗುತ್ತದೆ, ಅದನ್ನು ನಾನು ಅರ್ತ್ ಕಡೆಯ ಬ್ಯಾಟರಿ ಅನ್ನುತ್ತೇನೆ. ಇನ್ನೊಂದರ ಪ್ಲಸ್ ಸೆಲ್ಫಿಗೆ ಹೋಗುತ್ತದೆ, ಅದು ಸೆಲ್ಫ್ ಕಡೆಯದು. ನಡುವೆ ಒಂದು ದಪ್ಪ ಲಿಂಕ್ ವೈರು. ಈ ಎರಡು ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತವೆ.

ಬ್ಯಾಟರಿ ಅಳೆಯಲು ಒಳ್ಳೆಯ ಹೊತ್ತು ಬೆಳಗ್ಗೆ, ಇಂಜಿನ್ ಚಾಲೂ ಮಾಡುವ ಮೊದಲು. ಓಡಿ ಬಂದು ನಿಂತ ಕೂಡಲೇ ಮೀಟರ್ ಹಿಡಿದರೆ ಸತ್ತ ಬ್ಯಾಟರಿಯೂ 13 ತೋರಿಸಬಹುದು. ಕಾಯಲು ಪುರಸೊತ್ತು ಇಲ್ಲದಿದ್ದರೆ ಹೆಡ್‌ಲೈಟ್ ಎರಡು ಮೂರು ನಿಮಿಷ ಹಚ್ಚಿ, ಆರಿಸಿ, ಐದು ನಿಮಿಷ ಬಿಟ್ಟು ಅಳೆಯಿರಿ. 12.6ರ ಮೇಲಿದ್ದರೆ ತುಂಬಿದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12ಕ್ಕೆ ಇಳಿದರೆ ಕಾಲು ಭಾಗ. 11.8 ಅಂದರೆ ಮುಗಿದ ಹಾಗೇ. ಎರಡರ ನಡುವೆ 0.2ಕ್ಕಿಂತ ಹೆಚ್ಚು ಫರಕು ಬಂದರೆ ಕಾರಣ ಹುಡುಕಲೇಬೇಕು.

ನೀರು ಹಾಕುವ ಬ್ಯಾಟರಿಯಾಗಿದ್ದರೆ ನಾನು ಮೀಟರಿಗಿಂತ ಹೈಡ್ರೋಮೀಟರನ್ನೇ ಹೆಚ್ಚು ನಂಬುತ್ತೇನೆ. ಅದು ಒಳಗಿನ ಆಸಿಡ್ ನೀರಿನ ಸಾಂದ್ರತೆ, ಅಂದರೆ ಗ್ರಾವಿಟಿ, ಅಳೆಯುವ ಗಾಜಿನ ಕೊಳವೆ. ಒಂದು ಬ್ಯಾಟರಿಯಲ್ಲಿ ಆರು ಸೆಲ್ಲು. ಆರರಿಂದಲೂ ಹೀರಿ, ಗಾಜಿನ ತೇಲು ಗೋಡೆಗೆ ಅಂಟದಂತೆ ನೇರ ಹಿಡಿದು, ಕಣ್ಣಿನ ಮಟ್ಟಕ್ಕೆ ತಂದು ಓದಿ, ಸೀಮೆಸುಣ್ಣದಲ್ಲಿ ಬ್ಯಾಟರಿಯ ಮೇಲೇ ಬರೆಯಿರಿ. ಪೂರ್ತಿ ಚಾರ್ಜ್ ಆಗಿದ್ದರೆ 1240ರಿಂದ 1260 ಬರಬೇಕು. 1200ರ ಹತ್ತಿರ ಬಂದರೆ ಅರ್ಧ. ಆರೂ ಒಂದೇ ಸಮ ಇಳಿದಿದ್ದರೆ ಅದು ಬರೀ ಚಾರ್ಜ್ ಕಮ್ಮಿಯಾದದ್ದು, ಬ್ಯಾಟರಿ ಇನ್ನೂ ಬದುಕಿದೆ. ಐದು ಸೆಲ್ಲಿನಲ್ಲಿ 1240 ಇದ್ದು ಒಂದೇ ಒಂದರಲ್ಲಿ 1170 ಬಂದರೆ ಆ ಸೆಲ್ಲು ಹೋಗಿದೆ, ಎಷ್ಟು ಚಾರ್ಜಿಗಿಟ್ಟರೂ ಮೇಲೇಳುವುದಿಲ್ಲ. 50 ಪಾಯಿಂಟ್ ಫರಕು ಬಂದರೆ ನಾನು ಬದಲಿಸಿ ಅನ್ನುತ್ತೇನೆ. ಹೀರಿದ ನೀರು ಕಂದು ಬಣ್ಣಕ್ಕೆ ತಿರುಗಿ ಮಡ್ಡಿಯಾಗಿದ್ದರೆ ಒಳಗಿನ ಸೀಸದ ಪ್ಲೇಟಿಗೆ ಮೆತ್ತಿದ ಮಸಾಲೆ ಉದುರುತ್ತಿದೆ ಅಂತ ಅರ್ಥ. ಸೀಲ್ಡ್ ಬ್ಯಾಟರಿಯ ಮೇಲಿನ ಹಸಿರು ಕಣ್ಣನ್ನು ನೋಡಿ ನಿಶ್ಚಿಂತೆಯಾಗಬೇಡಿ. ಆ ಕಣ್ಣು ನೋಡುವುದು ಆರರಲ್ಲಿ ಒಂದು ಸೆಲ್ಲನ್ನು ಮಾತ್ರ.

ನಿಂತಾಗ ಚೆನ್ನಾಗಿ ತೋರಿಸಿ ಲೋಡಿಗೆ ಬಿದ್ದಾಗ ಕೂರುವ ಬ್ಯಾಟರಿಗಳೂ ಇವೆ. ಅದಕ್ಕೆ ಲೋಡ್ ಟೆಸ್ಟರ್ ಇದೆ. ಇಲ್ಲದಿದ್ದರೆ ಸೆಲ್ಫೇ ಟೆಸ್ಟರ್. ಕ್ಲೀನರ್ ಹುಡುಗನಿಗೆ ಸೆಲ್ಫ್ ಹೊಡೆಯಲು ಹೇಳಿ, ಒಂದು ಬ್ಯಾಟರಿಗೆ ಮೀಟರ್ ಹಿಡಿದು ನೋಡಿ, ಆಮೇಲೆ ಇನ್ನೊಂದಕ್ಕೆ. ಸೆಲ್ಫ್ ತಿರುಗುವಾಗ ಯಾವ ಬ್ಯಾಟರಿಯೂ 9.6ಕ್ಕಿಂತ ಕೆಳಗೆ ಹೋಗಬಾರದು. ಈರುಳ್ಳಿ ಲಾರಿಯಲ್ಲಿ ಒಂದು 10.8ಕ್ಕೆ ನಿಂತರೆ ಇನ್ನೊಂದು 7ಕ್ಕೆ ಕುಸಿಯಿತು. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ನಡುವೆ ಒಂದು ನಿಮಿಷವಾದರೂ ಬಿಡಿ.

ಆ ಲಾರಿಯ ಕಾಯಿಲೆ ಏನೆಂದು ಬ್ಯಾಟರಿ ಬಾಕ್ಸಿನ ಮುಚ್ಚಳ ತೆಗೆದಾಗಲೇ ಗೊತ್ತಾಗಿತ್ತು. ಲಿಂಕ್ ವೈರಿನಿಂದ ಒಂದು ಸಣ್ಣ ಕೆಂಪು ವೈರು ಕ್ಯಾಬಿನ್ನಿಗೆ ಹೋಗಿತ್ತು. ಟೇಪು ಸುತ್ತಿದ ಜೋಡಣೆ, ಮೇಲೆ ಧೂಳು. ಟೇಪ್‌ರೆಕಾರ್ಡರ್, ಫ್ಯಾನು, ಮೊಬೈಲ್ ಚಾರ್ಜರು, ದೇವರ ಫೋಟೋದ ಲೈಟು, ಎಲ್ಲವೂ 12 ವೋಲ್ಟಿನವು, ಎಲ್ಲವೂ ಅರ್ತ್ ಕಡೆಯ ಬ್ಯಾಟರಿ ಒಂದರಿಂದಲೇ ನಡೆಯುತ್ತಿದ್ದವು. ನನ್ನ ಅಂಗಡಿಗೆ ಬರುವ ಬ್ಯಾಟರಿ ದೂರುಗಳಲ್ಲಿ ನಾನು ಮೊದಲು ಹುಡುಕುವುದೇ ಈ ವೈರನ್ನು.

ಇದು ಬ್ಯಾಟರಿಯನ್ನು ಹೇಗೆ ಕೊಲ್ಲುತ್ತದೆ ಅಂತ ಸರಿಯಾಗಿ ತಿಳಿದುಕೊಳ್ಳಿ. ಡೈನಮೋ ನೋಡುವುದು ಎರಡೂ ಸೇರಿದ ವೋಲ್ಟೇಜನ್ನು ಮಾತ್ರ. 28.2 ಬಂದರೆ ಅದಕ್ಕೆ ಸಮಾಧಾನ. ಸರಿಯಿದ್ದ ಜೋಡಿಯಲ್ಲಿ ಅದು 14.1, 14.1 ಅಂತ ಹಂಚಿಕೆಯಾಗುತ್ತದೆ. ಒಂದು ಬ್ಯಾಟರಿ ದಿನವಿಡೀ ಫ್ಯಾನಿಗೂ ಪದಕ್ಕೂ ದುಡಿದು ಖಾಲಿಯಾಗಿದ್ದರೆ ಅದು 13.2ಕ್ಕೇ ನಿಲ್ಲುತ್ತದೆ. ಮಿಕ್ಕ 15 ಪೂರ್ತಿ ಇನ್ನೊಂದರ ತಲೆಗೆ. ತುಂಬಿದ್ದಕ್ಕೆ ಮತ್ತೆ ತುಂಬಿ ಅದರ ನೀರು ಕುದ್ದು ಆರುತ್ತದೆ, ಪ್ಲೇಟು ತೇವವಿಲ್ಲದೆ ಹಾಳಾಗುತ್ತದೆ. ಅರೆಹೊಟ್ಟೆಯಲ್ಲಿದ್ದ ಬ್ಯಾಟರಿಯ ಪ್ಲೇಟಿನ ಮೇಲೆ ಬಿಳಿ ಸಲ್ಫೇಟ್ ಗಟ್ಟಿಯಾಗುತ್ತದೆ. ಒಂದು ಹಸಿದು ಸಾಯುತ್ತದೆ, ಒಂದು ಉಂಡು ಸಾಯುತ್ತದೆ. "ಒಂದಕ್ಕೆ ಪದೇ ಪದೇ ನೀರು ಬೇಕು, ಇನ್ನೊಂದಕ್ಕೆ ಬೇಡವೇ ಬೇಡ" ಅಂತ ಡ್ರೈವರ್ ಹೇಳಿದರೆ ಆ ವೈರು ಎಲ್ಲೋ ಇದೆ ಅಂತಲೇ ಲೆಕ್ಕ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಸಿಗುತ್ತದೆ, ಎರಡು ಬ್ಯಾಟರಿಯಿಂದಲೂ ಸಮನಾಗಿ ಎಳೆಯುತ್ತದೆ. ಡ್ರೈವರಿಗೆ ಫ್ಯಾನು ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ. ಮೇ ತಿಂಗಳಲ್ಲಿ ಆ ಕ್ಯಾಬಿನ್ನಿನಲ್ಲಿ ಕೂತು ನೋಡಿದವರು ಹೇಳುವ ಮಾತಲ್ಲ ಅದು. ಕನ್ವರ್ಟರ್ ಹಾಕಿಸಿ ಅಂತ ಸಾಹುಕಾರರಿಗೆ ಹೇಳುತ್ತೇನೆ.

ಬ್ಯಾಟರಿಯ ತಪ್ಪೇ ಇಲ್ಲದ ಕೇಸುಗಳೂ ಇವೆ. ಒಂದು ಟಿಪ್ಪರಿಗೆ ಬೇರೆ ಊರಿನಲ್ಲಿ ಹೊಸ ಜೋಡಿ ಹಾಕಿಸಿದ್ದರು, ನಾಲ್ಕೇ ದಿನಕ್ಕೆ ಮತ್ತೆ ನಿಂತಿತು. ಬ್ಯಾಟರಿ ಎರಡೂ 12.6. ಮೀಟರಿನ ಒಂದು ಕಡ್ಡಿಯನ್ನು ಅರ್ತ್ ಕಡೆಯ ಬ್ಯಾಟರಿಯ ಮೈನಸ್ ಕಂಬದ (ಟರ್ಮಿನಲ್ಲಿನ) ಸೀಸಕ್ಕೇ ಒತ್ತಿದೆ, ಮೇಲಿನ ಕ್ಲಾಂಪಿಗಲ್ಲ. ಇನ್ನೊಂದನ್ನು ಸೆಲ್ಫ್ ಮೋಟಾರಿನ ಬಾಡಿಗೆ. ಸೆಲ್ಫ್ ಹೊಡೆಸಿದಾಗ 2 ವೋಲ್ಟು ಬಂತು. ಬರಬೇಕಾದ್ದು ಅರ್ಧ ವೋಲ್ಟಿನ ಒಳಗೆ. ಇಂಜಿನ್ನಿಗೂ ಚಾಸಿಗೂ ನಡುವಿನ ಅರ್ತ್ ಪಟ್ಟಿ ತುಕ್ಕು ಹಿಡಿದು, ಅದರ ಮೇಲೆ ಯಾರೋ ಪೇಂಟ್ ಹೊಡೆದಿದ್ದರು. ಬಿಚ್ಚಿ, ಎಮರಿ ಪೇಪರಿನಲ್ಲಿ ತಾಮ್ರ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿದೆ, ಚಾಲೂ ಆಯಿತು. ಜೋಡಿ ಬ್ಯಾಟರಿಯ ದುಡ್ಡು ಸುಮ್ಮನೆ ಹೋಗಿತ್ತು. ಇದೇ ಪರೀಕ್ಷೆಯನ್ನು ಪ್ಲಸ್ ಕಡೆಗೂ ಮಾಡಿ: ಸೆಲ್ಫ್ ಕಡೆಯ ಬ್ಯಾಟರಿಯ ಪ್ಲಸ್ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟಿಗೆ.

ಇಂಜಿನ್ ಓಡುವಾಗ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಎರಡೂ ಬ್ಯಾಟರಿ ಸೇರಿಸಿ ಅಳೆದರೆ 27.6ರಿಂದ 28.8ರ ನಡುವೆ ಇರಬೇಕು. 27 ದಾಟದಿದ್ದರೆ ಡೈನಮೋದ ಬೆಲ್ಟು, ಕಾರ್ಬನ್ (ಬ್ರಷ್), ವೋಲ್ಟೇಜ್ ಹದದಲ್ಲಿಡುವ ರೆಗ್ಯುಲೇಟರ್ ನೋಡಿ. 29.5 ದಾಟಿದರೆ ರೆಗ್ಯುಲೇಟರ್ ಹೋಗಿದೆ, ಅದನ್ನು ಸರಿಮಾಡದೆ ಹೊಸ ಬ್ಯಾಟರಿ ಕೂರಿಸಬೇಡಿ. ಇಷ್ಟೆಲ್ಲ ಸರಿಯಿದ್ದೂ ಎರಡು ದಿನ ನಿಲ್ಲಿಸಿದರೆ ಇಳಿಯುತ್ತದೆ ಅಂದರೆ ಎಲ್ಲಾ ಆರಿಸಿ ಅರ್ತ್ ವೈರಿಗೆ ಕರೆಂಟು ಅಳೆಯುವ ಡಿ.ಸಿ. ಕ್ಲಾಂಪ್ ಮೀಟರ್ ಹಾಕಿ, ಫ್ಯೂಸ್ ಒಂದೊಂದೇ ಕೀಳುತ್ತಾ ಬಂದರೆ ಕರೆಂಟು ಕದಿಯುವ ಕಳ್ಳ ಸಿಗುತ್ತಾನೆ.

ಈಗ ಬದಲಿಸುವ ಕೆಲಸ. ಅದಕ್ಕೂ ಮುಂಚೆ ಒಂದು ಮಾತು ಹೇಳಬೇಕು. ನಾನು ದಾವಣಗೆರೆಯ ಒಂದು ಗ್ಯಾರೇಜಿನಲ್ಲಿ ಕೆಲಸ ಕಲಿಯುವಾಗ ನನ್ನ ಜೊತೆಯ ಹುಡುಗ ಆಗ ತಾನೇ ಚಾರ್ಜರಿನಿಂದ ಇಳಿಸಿದ ಬ್ಯಾಟರಿಯ ಎರಡು ಕಂಬಕ್ಕೂ ತಾಗುವಂತೆ ಸ್ಪಾನರ್ ಬೀಳಿಸಿದ. ಒಂದು ಕಿಡಿ. ಬ್ಯಾಟರಿಯ ಮೇಲಿನ ಹೈಡ್ರೋಜನ್ ಹೊತ್ತಿ ಮುಚ್ಚಳ ಚಾವಣಿಗೆ ಹಾರಿತು, ಆಸಿಡ್ ಅವನ ಮುಖಕ್ಕೆ. ಮೇಸ್ತ್ರಿ ಒಂದು ಕ್ಷಣವೂ ಯೋಚಿಸದೆ ಅವನ ತಲೆ ಹಿಡಿದು ನಲ್ಲಿಯ ಕೆಳಗೆ ಇಟ್ಟು, ಕಣ್ಣು ಬಿಡಿಸಿ ನೀರು ಬಿಡುತ್ತಲೇ ಇದ್ದರು. ಆಮೇಲೇ ಆಸ್ಪತ್ರೆ. ಕಣ್ಣು ಉಳಿಯಿತು. ಆಸಿಡ್ ಕಣ್ಣಿಗೆ ಬಿದ್ದರೆ ಕನಿಷ್ಠ ಹದಿನೈದು ನಿಮಿಷ ನೀರು ಹಾಯಿಸಿ ಡಾಕ್ಟರ ಹತ್ತಿರ ಹೋಗಬೇಕು. ಅವತ್ತಿನಿಂದ ನಾನು ಕನ್ನಡಕ ಹಾಕದೆ ಬ್ಯಾಟರಿ ಮುಟ್ಟಿಲ್ಲ. ಉಂಗುರ, ಕಡಗ, ವಾಚು ಬಿಚ್ಚಿಡಿ. ಸ್ಪಾನರಿನ ಹಿಡಿಗೆ ಇನ್ಸುಲೇಷನ್ ಟೇಪು ಸುತ್ತಿ. ಬೀಡಿ ದೂರ.

ಹೊಸದು ಹಾಕುವಾಗ ಜೋಡಿಯನ್ನೇ ಹಾಕಿ. ಒಂದೇ ಕಂಪನಿ, ಒಂದೇ ಆಂಪಿಯರ್ ಅವರ್ (ಬ್ಯಾಟರಿಯ ಸಾಮರ್ಥ್ಯದ ಅಳತೆ), ಆದಷ್ಟೂ ಒಂದೇ ತಿಂಗಳು ತಯಾರಾದದ್ದು. "ಒಂದೇ ಹೋಗಿರೋದು, ಒಂದೇ ಹಾಕು" ಅನ್ನುತ್ತಾರೆ. ಎರಡು ವರ್ಷ ದುಡಿದದ್ದರ ಜೊತೆ ಹೊಸದನ್ನು ಕಟ್ಟಿದರೆ ಚಾರ್ಜಿಂಗ್ ಮತ್ತೆ ಏರುಪೇರಾಗುತ್ತದೆ, ಹೊಸದೂ ಬೇಗ ಹಳೆಯದಾಗುತ್ತದೆ. ಅಂಗಡಿಯಲ್ಲೇ ಎರಡಕ್ಕೂ ಮೀಟರ್ ಹಿಡಿಸಿ, 12.5ಕ್ಕಿಂತ ಕಮ್ಮಿ ಇರುವುದನ್ನು ಚಾರ್ಜ್ ಮಾಡಿಸದೆ ತರಬೇಡಿ. ಪ್ಲಸ್ ಯಾವ ಬದಿಗಿದೆ ಅಂತ ಹಳೆಯದರ ಜೊತೆ ಹೋಲಿಸಿ. ಬದಿ ಬದಲಾದರೆ ವೈರು ಎಟುಕುವುದಿಲ್ಲ.

ಇಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಬಿಎಸ್ 6 (ಹೊಸ ಹೊಗೆ ನಿಯಮದ) ಲಾರಿಯಾದರೆ ಕೀ ತೆಗೆದ ಕೂಡಲೇ ಮೇನ್ ಸ್ವಿಚ್ ಆಫ್ ಮಾಡಬೇಡಿ. ಹೊಗೆ ಶುದ್ಧ ಮಾಡಲು ಹಾಕುವ ಆಡ್‌ಬ್ಲೂ ದ್ರವದ ಪಂಪು ಪೈಪಿನಲ್ಲಿ ಉಳಿದದ್ದನ್ನು ವಾಪಸ್ ಟ್ಯಾಂಕಿಗೆ ಎಳೆದುಕೊಳ್ಳುವ ತನಕ ಕೆಲವು ನಿಮಿಷ ಕಾಯಬೇಕು, ಇಲ್ಲದಿದ್ದರೆ ಅದು ಒಳಗೇ ಹರಳುಗಟ್ಟುತ್ತದೆ. ವೈರು ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ಹೊಡೆದಿಟ್ಟುಕೊಳ್ಳಿ.

ಮೊದಲು ಚಾಸಿಗೆ ಹೋಗುವ ಅರ್ತ್ ಬಿಚ್ಚಿ. ಇದನ್ನು ಬಿಟ್ಟು ಪ್ಲಸ್ಸಿಗೆ ಕೈ ಹಾಕಿದರೆ ಸ್ಪಾನರ್ ಚಾಸಿಗೆ ತಾಗಿದ ಕೂಡಲೇ ಶಾರ್ಟ್. ಅರ್ತ್ ಆದಮೇಲೆ ಲಿಂಕು, ಕೊನೆಗೆ ಸೆಲ್ಫಿನ ಪ್ಲಸ್. ಲಗ್ಗು (ಕಂಬಕ್ಕೆ ಹಿಡಿಯುವ ವೈರಿನ ತುದಿಯ ಕ್ಲಾಂಪು) ಅಂಟಿದ್ದರೆ ಸುತ್ತಿಗೆಯಲ್ಲಿ ಹೊಡೆಯಬೇಡಿ, ಬಿಸಿನೀರು ಹುಯ್ದು ಅಲ್ಲಾಡಿಸಿ. 150 ಆಂಪಿಯರ್ ಅವರಿನ ಒಂದು ಬ್ಯಾಟರಿ 40 ಕಿಲೋ ಆಸುಪಾಸು ತೂಗುತ್ತದೆ. ಇಬ್ಬರು ಹಿಡಿಯಿರಿ, ಓರೆ ಮಾಡಬೇಡಿ.

ಖಾಲಿಯಾದ ಟ್ರೇ ನೋಡಿ. ಬಿಳಿ ಹಸಿರು ಪುಡಿ ಕಟ್ಟಿರುತ್ತದೆ. ಅಡುಗೆ ಸೋಡಾ ಕದಡಿದ ನೀರು ಹುಯ್ದರೆ ನೊರೆ ಉಕ್ಕುತ್ತದೆ, ನೊರೆ ನಿಲ್ಲುವ ತನಕ ಹುಯ್ಯಿರಿ. ಒಣಗಿಸಿ, ತುಕ್ಕು ಕೆರೆದು, ಪೇಂಟ್ ಹಚ್ಚಿ, ರಬ್ಬರ್ ಶೀಟ್ ಹಾಕಿ. ಲಗ್ಗುಗಳ ಒಳಮೈ ಉಜ್ಜಿ. ಎಳೆ ಹರಿದ ವೈರಿದ್ದರೆ ಈಗಲೇ ಬದಲಿಸಿ.

ಕೂರಿಸುವಾಗ ಉಲ್ಟಾ ಕ್ರಮ: ಸೆಲ್ಫಿನ ಪ್ಲಸ್, ಆಮೇಲೆ ಲಿಂಕು, ಕೊನೆಗೆ ಅರ್ತ್. ಪ್ಲಸ್ ಕಂಬ ಮೈನಸ್ಸಿಗಿಂತ ಸ್ವಲ್ಪ ದಪ್ಪ, ಕೈಯಲ್ಲೇ ಗೊತ್ತಾಗುತ್ತದೆ. ಅರ್ತ್ ಹಾಕುವ ಮೊದಲು ಮೀಟರಿನ ಕೆಂಪು ಕಡ್ಡಿಯನ್ನು ಸೆಲ್ಫ್ ವೈರು ಹಾಕಿದ ಕಂಬಕ್ಕೆ, ಕಪ್ಪು ಕಡ್ಡಿಯನ್ನು ಅರ್ತ್ ಬರಬೇಕಾದ ಕಂಬಕ್ಕೆ ಹಿಡಿಯಿರಿ. 25ರ ಹತ್ತಿರ ಬಂದರೆ ಸರಿ. ಸೊನ್ನೆ ಬಂದರೆ ಲಿಂಕು ತಪ್ಪಾಗಿದೆ. ಅಂಕಿಯ ಎಡಕ್ಕೆ ಮೈನಸ್ ಗುರುತು ಬಂದರೆ ಪೂರ್ತಿ ಉಲ್ಟಾ. ಹಾಗೇ ಅರ್ತ್ ಕೊಟ್ಟರೆ ಡೈನಮೋದ ಡಯೋಡು ಆ ಕ್ಷಣಕ್ಕೇ ಹೋಗುತ್ತದೆ. ನಟ್ಟು ಬಿಗಿಯಾದ ಮೇಲೆ ಲಗ್ಗಿನ ಮೇಲೆ ವ್ಯಾಸಲೀನ್ ಸವರಿ. ಮೇಲಿನ ಪಟ್ಟಿಯನ್ನು ಬ್ಯಾಟರಿ ಕೈಯಲ್ಲಿ ಅಲ್ಲಾಡಿಸಿದರೆ ಅಲುಗದಷ್ಟು ಬಿಗಿ ಮಾಡಿ. ಕುಲುಕಾಟದಲ್ಲೇ ಪ್ಲೇಟು ಉದುರುವುದು.

ಆಮೇಲೆ ನೀರಿನ ಮಾತು. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಹಾಕಬೇಡಿ. ನಮ್ಮ ಕಡೆಯ ಬೋರ್‌ವೆಲ್ ನೀರಿನ ಉಪ್ಪು ಬಿಂದಿಗೆಯ ತಳದಲ್ಲೇ ಕಾಣುತ್ತದೆ, ಅದು ಪ್ಲೇಟಿಗೆ ವಿಷ. ಪ್ಲೇಟು ಮುಳುಗಿ ಒಂದು ಬೆರಳ ದಪ್ಪ ಮೇಲಿದ್ದರೆ ಸಾಕು. ಚಾಸಿಗೆ ವೆಲ್ಡಿಂಗ್ ಮಾಡಿಸುವಾಗ ಅರ್ತ್ ಬಿಚ್ಚಲು ಮರೆಯಬೇಡಿ. ಜಂಪ್ ಕೊಡುವುದಾದರೆ, ಅಂದರೆ ಬೇರೆ ಗಾಡಿಯ ಬ್ಯಾಟರಿಯಿಂದ ವೈರು ಕೊಟ್ಟು ಚಾಲೂ ಮಾಡುವುದಾದರೆ, 24 ವೋಲ್ಟಿನ ಗಾಡಿಯಿಂದ ಮಾತ್ರ.

ಹಳೆಯ ಜೋಡಿಯನ್ನು ಹೊಸದು ಕೊಂಡ ಅಂಗಡಿಗೇ ಕೊಟ್ಟು ದುಡ್ಡು ಮುರಿದುಕೊಳ್ಳಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದಂತೆ ಬಳಸಿದ ಬ್ಯಾಟರಿ ವಾಪಸ್ ಹೋಗುವಂತೆ ನೋಡಿಕೊಳ್ಳುವ ಹೊಣೆ ತಯಾರಕರದ್ದು. ಚರಂಡಿಗೆ ಆಸಿಡ್ ಚೆಲ್ಲಿ ಸೀಸ ಒಡೆದುಕೊಳ್ಳುವ ಗುಜರಿಯವರಿಗೆ ಐವತ್ತು ರೂಪಾಯಿ ಜಾಸ್ತಿ ಸಿಗುತ್ತದೆ ಅಂತ ಕೊಡಬೇಡಿ. ಆ ಸೀಸ ಇಳಿಯುವುದು ಯಾರೋ ಮಕ್ಕಳು ಆಡುವ ಮಣ್ಣಿಗೆ.

ಈರುಳ್ಳಿ ಲಾರಿಯ ಡ್ರೈವರಿಗೆ ಅವತ್ತು ಹೊಸ ಬ್ಯಾಟರಿ ಹಾಕಲಿಲ್ಲ. ಪಕ್ಕದಲ್ಲಿ ನಿಂತಿದ್ದ ಲಾರಿಯಿಂದ ಜಂಪ್ ಕೊಟ್ಟು, ಕೆಂಪು ವೈರು ಕಿತ್ತು ಕಳಿಸಿದೆ. ಮಂಡಿಯಿಂದ ವಾಪಸ್ ಬರುವಾಗ ಗಾಡಿ ಬಿಟ್ಟುಹೋದ. ಇಳಿದಿದ್ದ ಬ್ಯಾಟರಿಯನ್ನು ಬೇರೆ ಮಾಡಿ 10 ಆಂಪಿಯರಿನಲ್ಲಿ ರಾತ್ರಿಯಿಡೀ ಚಾರ್ಜಿಗಿಟ್ಟೆ. ಬೆಳಗ್ಗೆ ಗ್ರಾವಿಟಿ ಆರೂ ಸೆಲ್ಲಿನಲ್ಲಿ 1230, 1235 ಬಂತು, ಬಚಾವಾಗಿತ್ತು. ಕನ್ವರ್ಟರ್ ಹಾಕಿ ಫ್ಯಾನು ತಿರುಗಿಸಿಕೊಟ್ಟೆ. ಹದಿನೈದು ದಿನ ಬಿಟ್ಟು ಬಾ ಅಂದಿದ್ದೆ, ಬಂದ. ಒಂದು 12.6, ಒಂದು 12.5.