ಆಟೋಕ್ಲೇವ್ ಇಲ್ಲದೆ ನಿಕಲ್-ಕಬ್ಬಿಣದ ಆನೋಡ್: ನನ್ನ ಅನುಭವ

ವಿದ್ಯುತ್ತಿನಿಂದ ನೀರು ಒಡೆದು ಹೈಡ್ರೋಜನ್ ತೆಗೆಯುವಾಗ ಆಮ್ಲಜನಕ ಬರುವ ಕಡೆಯ ವಿದ್ಯುದ್ವಾರವೇ ಆನೋಡ್. ಅದಕ್ಕಾಗಿ ನಿಕಲ್ ಫೋಮ್ (ಸ್ಪಂಜಿನಂಥ ರಂಧ್ರಗಳ ನಿಕಲ್) ಮೇಲೆ ನಿಕಲ್-ಕಬ್ಬಿಣದ ಹೈಡ್ರಾಕ್ಸೈಡ್ ಬೆಳೆಸೋಕೆ ಆಟೋಕ್ಲೇವ್ (ಒತ್ತಡದಲ್ಲಿ ಬಿಸಿ ಮಾಡುವ ಮುಚ್ಚಿದ ಪಾತ್ರೆ) ಬೇಕೇ ಬೇಕು ಅಂತ ಎಲ್ಲರೂ ಹೇಳುತ್ತಿದ್ದರು. ಬೇಡ. ಪ್ಲಾಸ್ಟಿಕ್ ಡಬ್ಬಿಯೊಳಗೆ ಕಬ್ಬಿಣದ ಉಪ್ಪಿನ ದ್ರಾವಣದಲ್ಲಿ ರಾತ್ರಿಯಿಡೀ ಅದ್ದಿಟ್ಟರೆ ಸಾಕು, ಬಿಸಿ ಮಾಡುವುದೂ ಬೇಕಿಲ್ಲ. ನನ್ನ ಆನೋಡ್ 1 ಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ, ಚದರ ಸೆಂಟಿಮೀಟರಿಗೆ 100 ಮಿಲಿಆಂಪಿಯರ್ ಹರಿಸಿಕೊಂಡು ವಾರಕ್ಕಿಂತ ಜಾಸ್ತಿ ಓಡಿತು. ಓವರ್‌ಪೊಟೆನ್ಶಿಯಲ್ (ಕನಿಷ್ಠ ಬೇಕಾದದ್ದಕ್ಕಿಂತ ಹೆಚ್ಚುವರಿಯಾಗಿ ಕೊಡಬೇಕಾದ ವೋಲ್ಟೇಜ್) ಹತ್ತಿರಹತ್ತಿರ 280 ಮಿಲಿವೋಲ್ಟ್. ‘ಎಲ್ಲೋ ಅಳತೆ ತಪ್ಪಿರಬೇಕು’ ಅಂದವರೇ ಈಗ ಫೆರಿಕ್ ನೈಟ್ರೇಟ್ (ಆ ಕಬ್ಬಿಣದ ಉಪ್ಪು) ಎಷ್ಟು ಹಾಕಿದಿರಿ ಅಂತ ಕೇಳುತ್ತಿದ್ದಾರೆ.

ದುಡ್ಡು ಪೋಲಾಗಿದ್ದು ಇದಕ್ಕಿಂತ ಮುಂಚೆ. ಇರಿಡಿಯಂ ಆಕ್ಸೈಡ್ ಅನ್ನೋ ಕ್ಯಾಟಲಿಸ್ಟ್ ಪುಡಿಯನ್ನು ನಾಫಿಯಾನ್ (ಅಂಟಿಸುವ ಪಾಲಿಮರ್) ಜೊತೆ ಇಂಕ್ ಮಾಡಿ ಹಚ್ಚೋದು. 10 ಮಿಲಿಆಂಪಿಯರ್‌ವರೆಗೆ ಸೊಗಸಾಗಿತ್ತು. 50 ದಾಟಿದ ಮೇಲೆ ಗುಳ್ಳೆಗಳು ಪದರವನ್ನು ಕಿತ್ತು ಹಾಕಿದವು, ದುಬಾರಿ ಪುಡಿಯೆಲ್ಲ ಸೆಲ್‌ನ ತಳದಲ್ಲಿ ಕಪ್ಪಗೆ ಕೂತಿತ್ತು. ಆ ಒಂದು ಸೀಸೆಯ ದುಡ್ಡಲ್ಲಿ ಎಷ್ಟೋ ತಿಂಗಳಿಗಾಗುವಷ್ಟು ನಿಕಲ್ ಫೋಮ್ ಬರುತ್ತಿತ್ತು.

ಫೋಮನ್ನು 3 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹತ್ತು-ಹದಿನೈದು ನಿಮಿಷ ಸೋನಿಕೇಟ್ ಮಾಡಿ (ಅಲ್ಟ್ರಾಸೌಂಡ್ ಕಂಪನದಲ್ಲಿಟ್ಟು) ತೊಳೆಯುವುದು ಮೊದಲ ಕೆಲಸ. ಆಮೇಲೆ ಫೆರಿಕ್ ನೈಟ್ರೇಟ್, 20 ಮಿಲಿಮೋಲಾರ್ ಆಸುಪಾಸು. ಜಾಸ್ತಿ ಹಾಕಿದರೆ ಬೇಗ ಆಗುತ್ತೆ ಅಂದುಕೊಳ್ಳಬೇಡಿ. ಕಬ್ಬಿಣದ ಅಯಾನ್ ನಿಕಲ್ಲನ್ನೇ ತಿಂದು ಹಾಕುತ್ತೆ, ಫೋಮ್ ಚಿಮಟದಲ್ಲಿ ಹಿಡಿದರೆ ಪುಡಿಪುಡಿ. ಸರಿಯಾಗಿ ಬಂದದ್ದು ತೆಳು ಹಳದಿ-ಕಂದು. ಬೆರಳಿಗೆ ತುಕ್ಕಿನಂತೆ ಹತ್ತಿದರೆ ಎಸೆಯಿರಿ, ಅದು ಬರೀ ಕಬ್ಬಿಣ. ಬೆಳಕಿಗೆ ಹಿಡಿದಾಗ ರಂಧ್ರಗಳು ಕಾಣಬೇಕು. ಜೊತೆಗೆ ಚಿಟಿಕೆಯಷ್ಟು ಇನ್ನೊಂದು ಉಪ್ಪು ಹಾಕುತ್ತೇನೆ. ಯಾವುದು ಅಂತ ಸದ್ಯಕ್ಕೆ ಕೇಳಬೇಡಿ.

ಅಳತೆಯ ವಿಷಯ. ವೋಲ್ಟೇಜ್ ಏರಿಸುತ್ತಾ ಮುಂದಕ್ಕೆ ಹೋಗುವ ಸ್ಕ್ಯಾನ್‌ನಲ್ಲಿ 10 ಮಿಲಿಆಂಪಿಯರ್ ಅಂಕಿ ಓದಿ ಕುಣಿಯುವವರು ಬಹಳ. ಅಲ್ಲಿ ನಿಕಲ್ ತಾನೇ ಆಕ್ಸಿಡೈಸ್ ಆಗುವ ಕರೆಂಟ್ (ಆಕ್ಸಿಡೇಶನ್ ಪೀಕ್) ಕೂಡ ಸೇರಿರುತ್ತೆ, ಅಲ್ವಾ? ನಾನು ವೋಲ್ಟೇಜ್ ಇಳಿಸುವ ವಾಪಸ್ ಸ್ಕ್ಯಾನ್‌ನಲ್ಲೇ ಓದುವುದು. ಇನ್ನೊಂದು ಅನುಮಾನ, ಎಲೆಕ್ಟ್ರೋಲೈಟ್‌ನ (ಕ್ಷಾರದ ದ್ರಾವಣದ) ಕಲ್ಮಶ ಕಬ್ಬಿಣವೇ ಕೆಲಸ ಮಾಡುತ್ತಿದೆ ಅನ್ನೋದು. ಸುಮ್ನೆ ಎತ್ತಿದ ತಕರಾರಲ್ಲ. ಸಂಶೋಧಕ ಕೊರಿಗನ್ 1987ರಲ್ಲೇ ಅತಿ ಕಡಿಮೆ ಕಬ್ಬಿಣವೂ ನಿಕಲ್ ಮೇಲೆ ಎಷ್ಟು ಪರಿಣಾಮ ಮಾಡುತ್ತೆ ಅಂತ ತೋರಿಸಿದ್ದರು. ಹಾಗಾಗಿ ನಿಕಲ್ ಹೈಡ್ರಾಕ್ಸೈಡ್ ಕಲಕಿ ಕಬ್ಬಿಣ ತೆಗೆದ ದ್ರಾವಣದಲ್ಲೂ ಓಡಿಸಿದೆ. ಗಾಜಿನಿಂದಲೂ ಕಬ್ಬಿಣ ಇಳಿಯಬಹುದು ಅಂತ ಗಾಜಿನ ಸೆಲ್ ಬಿಟ್ಟು ಟೆಫ್ಲಾನ್ ಸೆಲ್‌ಗೆ ಬಂದೆ. ಶುರುವಿನ ಅಂಕಿ ಹೆಚ್ಚುಕಡಿಮೆ ಅದೇ. ಆದರೆ ಎರಡು-ಮೂರು ದಿನದಲ್ಲಿ ವೋಲ್ಟೇಜ್ ಏರತೊಡಗಿತು, ಕಬ್ಬಿಣ ಸೋರುತ್ತಿತ್ತು. ದ್ರಾವಣಕ್ಕೆ ಒಂದಿಷ್ಟು ಕಬ್ಬಿಣ ಸೇರಿಸಿದ ಮೇಲೆ ಏರಿಕೆ ನಿಂತಿತು.

ಹೈಡ್ರೋಜನ್ ಕಡೆಯ ಕ್ಯಾಥೋಡ್ ಪರೀಕ್ಷಿಸುವಾಗ ಕೌಂಟರ್‌ಗೆ (ಎದುರಿನ ವಿದ್ಯುದ್ವಾರಕ್ಕೆ) ಪ್ಲಾಟಿನಂ ಬೇಡವೇ ಬೇಡ. ಅದು ಕರಗಿ ಬಂದು ನಿಮ್ಮ ಕ್ಯಾಥೋಡ್ ಮೇಲೆ ಕೂರುತ್ತೆ, ಎಂಥ ಕಳಪೆ ಕ್ಯಾಟಲಿಸ್ಟ್ ಆದರೂ ಮಿಂಚುತ್ತೆ. ಗ್ರಾಫೈಟ್ ಕಡ್ಡಿ ಹಾಕಿ, ದುಡ್ಡೂ ಉಳಿಯುತ್ತೆ.

ನಡುವೆ ಸ್ಟೇನ್‌ಲೆಸ್ ಸ್ಟೀಲ್ ಜಾಲರಿಯನ್ನೂ ಆನೋಡ್ ಮಾಡಿ ನೋಡಿದೆ. ಇನ್ನೂ ಅಗ್ಗ, ಅಂಕಿಯೂ ಪರವಾಗಿಲ್ಲ. ಆದರೆ ದ್ರಾವಣ ಹಳದಿಗೆ ತಿರುಗಿತು. ಕ್ರೋಮಿಯಂ ಕ್ರೋಮೇಟ್ ಆಗಿ ಇಳಿಯುತ್ತಿತ್ತು. ಆ ವಿಷ ಯಾರಿಗೆ ಬೇಕು, ಅಲ್ಲಿಗೇ ಬಿಟ್ಟೆ.

ಈಗ ಶೇಕಡಾ 30ರ ಕ್ಷಾರ, 80 ಡಿಗ್ರಿ ಶಾಖ, ಕೈಗಾರಿಕೆಯಲ್ಲಿ ಓಡಿಸುವ ಹಾಗೆ. ಪದರ ಗಟ್ಟಿಯಾಗೇ ನಿಂತಿದೆ, ಸೋರುತ್ತಿರುವುದು ಗ್ಯಾಸ್ಕೆಟ್. ಆ ಶಾಖದಲ್ಲಿ ತಡೆಯುವಂಥದ್ದನ್ನು ಯಾರಾದರೂ ಬಳಸಿದ್ದರೆ ತಿಳಿಸಿ.