ಎರೆ ನೆಲದಲ್ಲಿ ಪೈಪ್‌ಲೈನ್: ನನ್ನ ಅನುಭವ

ಜಮಖಂಡಿ ಕಡೆ ಕೃಷ್ಣಾ ನದಿಯಿಂದ ಹೊಲಗಳಿಗೆ ಪೈಪ್‌ಲೈನ್ ಹಾಕಿಕೊಡುವುದು ನನ್ನ ಕೆಲಸ. ಕೆಲವು ಲೈನ್ ಎರಡು ಮೂರು ಕಿಲೋಮೀಟರ್ ಉದ್ದ ಇರುತ್ತವೆ. ಲೈನ್ ಒಡೆದರೆ ಎಲ್ಲರೂ "ಪೈಪ್ ಸರಿ ಇಲ್ಲ" ಅನ್ನುತ್ತಾರೆ. ಮೊದಲು ನಾನೂ ಹಾಗೇ ತಿಳಿದಿದ್ದೆ.

ಒಂದು ಆರಿಂಚಿನ ಪಿವಿಸಿ ಲೈನ್ ಎರಡು ಬೇಸಿಗೆ ಒಂದೇ ಜಾಗದಲ್ಲಿ ಬಿಟ್ಟಿತು. ಎರಡನೇ ಸಲ ಅಗೆದಾಗ ನಾನು ಜಾಯಿಂಟ್ ನೋಡಲಿಲ್ಲ, ತಗ್ಗಿನ ಗೋಡೆ ನೋಡಿದೆ. ಒಂದು ಕಡೆ ಎರೆ, ಅಂದರೆ ಕಪ್ಪು ಮಣ್ಣು. ಇನ್ನೊಂದು ಕಡೆ ಮಸಾರಿ, ಅಂದರೆ ಕೆಂಪು ಮಣ್ಣು. ಎರೆ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಮೂರು ನಾಲ್ಕು ಅಡಿ ಆಳಕ್ಕೆ ಬಿರಿಯುತ್ತದೆ. ಮಸಾರಿ ಅಷ್ಟು ಅಲುಗಾಡುವುದಿಲ್ಲ. ಪೈಪಿನ ಒಂದು ತುದಿ ಏರಿಳಿಯುತ್ತಿತ್ತು, ಇನ್ನೊಂದು ನಿಂತಲ್ಲೇ ಇತ್ತು. ಸಾಲ್ವೆಂಟ್ ಅನ್ನುವ ಅಂಟು ಹಚ್ಚಿ ಕೂಡಿಸಿದ ಜಾಯಿಂಟ್ ಬಾಗುವುದಿಲ್ಲ ಅಲ್ವಾ, ಅದೇ ಬಿರಿಯಿತು. ಸ್ವಲ್ಪ ಸೋರಿದರೂ ಸಾಕು, ಅಲ್ಲಿನ ಎರೆ ಮಾತ್ರ ನೆನೆದು ಉಬ್ಬಿ, ಜಾಯಿಂಟನ್ನು ಇನ್ನಷ್ಟು ಎತ್ತುತ್ತದೆ. ಹನಿ ಹನಿ ಸೋರಿಕೆ ದೊಡ್ಡದಾಗುವುದು ಹೀಗೆ.

ಈಗ ಅಳತೆ ತೆಗೆಯುವ ಮೊದಲೇ ಲೈನಿನ ಉದ್ದಕ್ಕೂ ನಡೆಯುತ್ತೇನೆ. ಅದೂ ಏಪ್ರಿಲ್, ಮೇ ತಿಂಗಳಲ್ಲಿ. ಆಗ ನೆಲ ತನ್ನ ಬಿರುಕು ತಾನೇ ತೋರಿಸುತ್ತದೆ. ಮಣ್ಣಿನ ಬಣ್ಣ ಬದಲಾಗುವ ಕಡೆ ಗೂಟ ಹೊಡೆಯುತ್ತೇನೆ. ಅಲ್ಲಿ ರಬ್ಬರ್ ರಿಂಗಿನ ಜಾಯಿಂಟೇ ಬೇಕು, ಅದು ಸ್ವಲ್ಪ ಮಣಿಯುತ್ತದೆ. ಆದರೆ ರಿಂಗ್ ಜಾಯಿಂಟ್ ನೀರಿನ ಒತ್ತಡಕ್ಕೆ ಕಳಚಿಕೊಳ್ಳಬಹುದು. ಅದಕ್ಕೆ ಪ್ರತಿ ತಿರುವಿನಲ್ಲೂ ಕಾಂಕ್ರೀಟ್ ಕಟ್ಟೆ ಹಾಕುತ್ತೇನೆ.

ರೈತರ ಜೊತೆ ಜಾಸ್ತಿ ವಾದ ಆಗುವುದು ಗರಸಿನ ವಿಷಯಕ್ಕೆ. ಗರಸು ಅಂದರೆ ಕಲ್ಲುಹರಳು ಕೂಡಿದ ಮಣ್ಣು.

"ಕಾಕಾ, ಪೈಪಿನ ಕೆಳಗ, ಸುತ್ತ ಸಣ್ಣ ಗರಸು ಹಾಕ್ಬೇಕ್ರಿ."

"ಮಣ್ಣು ಇಲ್ಲೇ ಬಿದ್ದೈತಿ. ಗರಸಿಗೆ ಯಾಕ ರೊಕ್ಕ ಕೊಡ್ಲಿ?"

ಅವರ ಮಾತೂ ತಪ್ಪಲ್ಲ, ಟ್ರ್ಯಾಕ್ಟರ್ ಬಾಡಿಗೆ ಸಣ್ಣದಲ್ಲ. ಆದರೆ ಎರೆ ಹೆಂಟೆಗಳನ್ನೇ ಮೇಲೆ ತಳ್ಳಿದರೆ ನಡುವೆ ಪೊಳ್ಳು ಉಳಿಯುತ್ತದೆ, ಮೊದಲ ಮಳೆಗೆ ಕುಸಿಯುತ್ತದೆ. ದುಡ್ಡು ಕಡಿಮೆ ಇದ್ದರೆ ಎರೆ, ಮಸಾರಿ ಕೂಡುವ ಜಾಗಕ್ಕಾದರೂ ಗರಸು ಹಾಕಿಸಿ. ಒಂದು ಎಚ್ಚರ: ಇಳಿಜಾರಿನಲ್ಲಿ ಗರಸಿನೊಳಗೇ ನೀರು ಹರಿದು ದಾರಿ ಮಾಡಿಕೊಳ್ಳುತ್ತದೆ. ನಡುನಡುವೆ ಎರೆ ತುಂಬಿ, ಬಡಿದು ಅಡ್ಡಗಟ್ಟೆ ಮಾಡಬೇಕು.

ಹಳ್ಳ ದಾಟುವುದು ಬೇರೆಯೇ ಕೆಲಸ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿ ಬಂದವು. ನೀರು ಇಳಿದ ಮೇಲೆ ನಾನು ಹಾಕಿದ್ದ ಒಂದು ಲೈನ್ ಹಳ್ಳದಲ್ಲಿ ಬೆತ್ತಲೆ ಬಿದ್ದಿತ್ತು. ಎರಡಡಿ ಆಳ ಸಾಕು ಅಂದುಕೊಂಡಿದ್ದೆ. ಪ್ರವಾಹ ತಳವನ್ನೇ ಕೊರೆದಿತ್ತು. ಆ ರೈತನ ಕಬ್ಬಿಗೆ ನೀರು ತಪ್ಪಿದ್ದು ನನ್ನ ತಪ್ಪಿನಿಂದ. ಈಗಲೂ ನೆನೆದರೆ ಸಂಕಟ ಆಗುತ್ತದೆ.

ಈಗ ಹಳ್ಳ ತಿರುಗುವಲ್ಲಿ ದಾಟಿಸುವುದೇ ಇಲ್ಲ, ಹೊರ ದಂಡೆ ಕೊರೆಯುತ್ತಲೇ ಇರುತ್ತದೆ. ನೇರ ಹರಿಯುವ ಕಡೆ, ಸರಿಯಾಗಿ ಅಡ್ಡಲಾಗಿ, ಗಟ್ಟಿ ಪದರ ಸಿಗುವವರೆಗೆ ಅಗೆದು, ಪೈಪಿನ ಸುತ್ತ ಕಾಂಕ್ರೀಟ್ ಹಾಕುತ್ತೇನೆ. ಕಾಂಕ್ರೀಟ್ ಸುರಿಯುವ ಮೊದಲು ಪೈಪಿಗೆ ನೀರು ತುಂಬಿ, ಕಟ್ಟಿ ಹಿಡಿಯಬೇಕು. ಖಾಲಿ ಪೈಪ್ ಹಸಿ ಕಾಂಕ್ರೀಟಿನಲ್ಲೂ ತೇಲಿ ಮೇಲೆ ಬರುತ್ತದೆ. ದೊಡ್ಡ ಮಳೆ ಆದ ಮರುದಿನ ಹಳ್ಳದ ಎರಡೂ ದಂಡೆಗೆ ಹೋಗಿ ನೋಡಿ ಬರುತ್ತೇನೆ, ಬಿಲ್ ಮುಗಿದ ಲೈನ್ ಆದರೂ ಸರಿ.