ಮುಧೋಳದ ಮರಿಗೆ ಸುಮ್ಮನಿರುವುದನ್ನು ಕಲಿಸಿದ್ದು

ಬಿಲ್ಲ ಮುಧೋಳ ತಳಿಯ ಗಂಡು ನಾಯಿ. ನಮ್ಮ ಮನೆ ಇರುವುದು ಮೈಸೂರಿನ ಕುವೆಂಪುನಗರದಲ್ಲಿ, 30-40ರ ಸೈಟಿನಲ್ಲಿ. ಅಂಚೆ ಇಲಾಖೆ 2005ರಲ್ಲಿ ಈ ತಳಿಯ ಅಂಚೆಚೀಟಿ ತಂದಿತ್ತು, ಸೇನೆಯವರೂ ಈ ನಾಯಿಗಳನ್ನು ತರಬೇತಿಗೆ ತೆಗೆದುಕೊಂಡಿದ್ದಾರೆ. ಕೇಳಲು ಹೆಮ್ಮೆಯೇ. ಆದರೆ ಇದು ಓಡುವುದನ್ನು ಕಣ್ಣಿನಿಂದ ಗುರುತಿಸಿ ಬೆನ್ನಟ್ಟುವ ಬೇಟೆನಾಯಿ. ಎಂಟು ತಿಂಗಳ ಪ್ರಾಯದಲ್ಲಿ ಅವನ ಪಾಲಿಗೆ ಅಳಿಲು, ಸ್ಕೂಟರು, ಓಡಾಡುವ ನನ್ನ ಮಗಳು, ಅತ್ತೆಯ ಸೆರಗು ಎಲ್ಲವೂ ಬೇಟೆಯೇ ಆಗಿತ್ತು.

ಎಲ್ಲರೂ ಹೇಳುವುದು ಒಂದೇ ಮಾತು: ಚೆನ್ನಾಗಿ ಓಡಿಸಿ, ಸುಸ್ತಾದರೆ ತಾನೇ ಬಿದ್ದುಕೊಳ್ಳುತ್ತೆ. ಇದು ಅರ್ಧ ಮಾತ್ರ ನಿಜ. ಓಡಿಸಿದಷ್ಟೂ ನಾಯಿಯ ಕಸುವು ಹೆಚ್ಚುತ್ತದೆ, ಮಾರನೇ ದಿನ ಇನ್ನೂ ಜಾಸ್ತಿ ಓಟ ಬೇಕಾಗುತ್ತದೆ. ಓಟದ ಜೊತೆಗೆ ಮೂಗಿಗೂ ಕೆಲಸ ಕೊಡಬೇಕು. ಬೆಳಿಗ್ಗೆ ಡಾಂಬರು ಕಾಯುವ ಮೊದಲೇ ಹೊರಟು, ಅವನು ಮೂಸಿದ ಕಡೆಯೆಲ್ಲ ನಿಂತು, ನಿಧಾನವಾಗಿ ಸುತ್ತಿ ಬರುತ್ತೇವೆ. ಸಂಜೆಯ ಊಟವನ್ನು ತಟ್ಟೆಗೆ ಹಾಕುವುದಿಲ್ಲ. ಹಳೇ ಟವೆಲ್ಲಿನಲ್ಲಿ ಸುರುಳಿ ಸುತ್ತಿ ಕೊಡುತ್ತೇನೆ, ಹುಡುಕಿ ತಿನ್ನುತ್ತಾನೆ.

ನಿದ್ದೆಯ ವಿಷಯವನ್ನು ಯಾರೂ ಹೇಳುವುದಿಲ್ಲ. ಮರಿಗಳಿಗೆ ದಿನದ ಬಹುಪಾಲು ನಿದ್ದೆ ಬೇಕು. ಬಿಲ್ಲ ಸಂಜೆ ಹುಚ್ಚೆದ್ದು ಸೋಫಾದಿಂದ ಸೋಫಾಕ್ಕೆ ಹಾರುತ್ತಿದ್ದದ್ದು ಶಕ್ತಿ ಜಾಸ್ತಿಯಾಗಿ ಅಲ್ಲ, ನಿದ್ದೆಗೆಟ್ಟು. ಮಧ್ಯಾಹ್ನ ಕಿಟಕಿಯ ಪರದೆ ಎಳೆದು ಒಳಕೋಣೆಯಲ್ಲಿ ಮಲಗಿಸುವ ಅಭ್ಯಾಸ ಮಾಡಿದ ಮೇಲೆ ಸಂಜೆಯ ರಂಪ ತುಂಬಾ ಇಳಿಯಿತು.

ನನಗೆ ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಒಂದು ಗೋಣಿಚೀಲ. ಅದನ್ನು ಹಾಲಿನ ಮೂಲೆಯಲ್ಲಿ ಹಾಸಿ ಸುಮ್ನೆ ಕಾದೆ. ಕಾಲಿಟ್ಟ ತಕ್ಷಣ ಬೇಯಿಸಿದ ಮೊಟ್ಟೆಯ ಚೂರು. ತಕ್ಷಣ ಅಂದರೆ ಒಂದೆರಡು ಸೆಕೆಂಡಿನೊಳಗೆ. ತಡವಾದರೆ ಯಾವುದಕ್ಕೆ ಸಿಕ್ಕಿತು ಅಂತ ನಾಯಿಗೆ ತಿಳಿಯುವುದಿಲ್ಲ. ಆಮೇಲೆ ಕೂತರೆ ಮಾತ್ರ, ಆಮೇಲೆ ಮಲಗಿದರೆ ಮಾತ್ರ. ಕೊನೆಗೆ ಸೊಂಟ ಒಂದು ಕಡೆ ವಾಲಿಸಿ ತಲೆ ನೆಲಕ್ಕೆ ಇಟ್ಟರೆ ಮಾತ್ರ ಕೊಟ್ಟೆ. ಎದ್ದು ಓಡಲು ಕಾದಿರುವ ನಾಯಿಗೂ ಹಗುರಾಗಿ ಮಲಗಿದ ನಾಯಿಗೂ ತುಂಬಾ ವ್ಯತ್ಯಾಸ ಇದೆ. 'ಜಾಗಕ್ಕೆ' ಅನ್ನುವ ಮಾತನ್ನು ಸೇರಿಸಿದ್ದು ಅವನು ತಾನಾಗಿ ಹೋಗಿ ಮಲಗಲು ಶುರು ಮಾಡಿದ ಮೇಲೆ. ಅವನು ಮಲಗಿರುವಾಗಲೇ ಮೊದಲು ನಾನು ಎದ್ದು ನಿಂತೆ, ಆಮೇಲೆ ಅಡುಗೆಮನೆಗೆ ಹೋಗಿ ಬಂದೆ, ಆಮೇಲೆ ಮಗಳು ನಡೆದಳು. ಅವಳು ಓಡುವುದನ್ನು ಕಟ್ಟಕಡೆಗೆ ಇಟ್ಟುಕೊಂಡಿದ್ದೆ. ಈ ತಳಿಗೆ ಅದೇ ದೊಡ್ಡ ಪರೀಕ್ಷೆ.

ಮೈಮೇಲೆ ಹಾರುವುದನ್ನು ಬಿಡಿಸಲು ಮನೆಯವರೆಲ್ಲ ಒಂದೇ ರೀತಿ ನಡೆದುಕೊಳ್ಳಬೇಕು. "ಬಿಡಮ್ಮ, ಪಾಪ, ಪ್ರೀತಿಗೆ ಹಾರ್ತಾನೆ" ಅನ್ನುತ್ತಿದ್ದರು ಮಾವ. "ಮಾವ, ಇವತ್ತು ನೀವು ಮುದ್ದು ಮಾಡಿದ್ರೆ ನಾಳೆ ಹಾಲಿನವರ ಮೇಲೂ ಹಾರ್ತಾನೆ" ಅಂದೆ. ನಾಲ್ಕೂ ಕಾಲು ನೆಲದ ಮೇಲಿದ್ದರಷ್ಟೇ ಮುದ್ದು, ಇಲ್ಲದಿದ್ದರೆ ಮುಖ ತಿರುಗಿಸಿ ನಿಲ್ಲುವುದು. ಶುರುವಿನಲ್ಲಿ ಹಾರಾಟ ಇನ್ನೂ ಜೋರಾಗುತ್ತದೆ. ಇಷ್ಟು ದಿನ ನಡೆದದ್ದು ಈಗ ಯಾಕೆ ನಡೀತಿಲ್ಲ ಅಂತ ನಾಯಿ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಜನ ಕೈಬಿಡುವುದು, ಹೊಡೆಯುವುದು ಇಲ್ಲೇ. ದಯವಿಟ್ಟು ಹೊಡೆಯಬೇಡಿ, ಮನೆಯವರ ಕೈ ಕಂಡರೆ ನಾಯಿ ಹೆದರುವಂತೆ ಆಗಬಾರದು. ಕೊನೆಗೆ ಮಾವನೇ ಒಂದು ಉಪಾಯ ಕಂಡುಕೊಂಡರು. ಒಳಗೆ ಬರುವಾಗಲೇ ನಾಲ್ಕು ಕಾಳು ಡಾಗ್ ಫುಡ್ ನೆಲಕ್ಕೆ ಚೆಲ್ಲುತ್ತಾರೆ. ಅವನ ತಲೆ ಕೆಳಗೆ ಹೋಗುತ್ತದೆ, ಹಾರುವ ಮಾತೇ ಇಲ್ಲ.

ಗೇಟಿನ ಬಳಿ ಬೊಗಳುವುದಕ್ಕೆ ತರಬೇತಿಗಿಂತ ತಗಡಿನ ಶೀಟೇ ಕೆಲಸ ಮಾಡಿತು. ಕಣ್ಣಿನಿಂದ ಬೇಟೆಯಾಡುವ ನಾಯಿಗೆ ರಸ್ತೆಯೇ ಕಾಣದಿದ್ದರೆ ಅರ್ಧ ಗಲಾಟೆ ಅಲ್ಲೇ ನಿಲ್ಲುತ್ತದೆ. ಅಡುಗೆಮನೆಯ ಹೊಸಿಲು ದಾಟದಿರುವುದನ್ನೂ ಕಲಿಸಿದೆ. ಕೆಳಗೆ ಬಿದ್ದ ಈರುಳ್ಳಿ, ಒಣದ್ರಾಕ್ಷಿ ನಾಯಿಗೆ ವಿಷ.

ದಸರಾ, ದೀಪಾವಳಿಯ ಸದ್ದಿಗೆ ನಮ್ಮೂರಲ್ಲೇ ಪಾಠವಿದೆ. ಜಂಬೂಸವಾರಿಗೆ ಮೊದಲು ಆನೆ, ಕುದುರೆಗಳ ಎದುರು ಫಿರಂಗಿ ಹಾರಿಸಿ ತಾಲೀಮು ಮಾಡಿಸುತ್ತಾರೆ ಅಲ್ವಾ? ನಾನೂ ಮೊಬೈಲಿನಲ್ಲಿ ಪಟಾಕಿ ಸದ್ದನ್ನು ತೀರಾ ಸಣ್ಣಗೆ ಹಾಕಿ ಊಟ ಕೊಡುತ್ತಿದ್ದೆ. ಅವನು ಆರಾಮಾಗಿ ತಿಂದರೆ ಮಾತ್ರ ಸದ್ದು ಸ್ವಲ್ಪ ಏರಿಸುತ್ತಿದ್ದೆ.

ಈಗ ಉಳಿದಿರುವುದು ಬೆಕ್ಕು. ಕಂಡರೆ ಇನ್ನೂ ಎಳೆಯುತ್ತಾನೆ. ಹಾಗಾಗಿ ಬಯಲಿನಲ್ಲಿ ಅವನನ್ನು ಬಿಡುವುದಿಲ್ಲ. ಕುತ್ತಿಗೆಗಲ್ಲ, ಎದೆಪಟ್ಟಿಗೆ ಉದ್ದ ಹಗ್ಗ ಕಟ್ಟಿ, ಕರೆದಾಗ ಒಂದು ಸಲ ತಿರುಗಿ ನೋಡಿದರೂ ಮೊಟ್ಟೆ ಕೊಡುತ್ತಿದ್ದೇನೆ.